ಹಿಂಸೆಯಿಲ್ಲದ ಸೋಪು, ಮಾಂಸವಿಲ್ಲದ ಸಾರು: ಮನೆಯಲ್ಲಿ ರೂಢಿಸಿಕೊಳ್ಳುವುದು ಹೇಗೆ?

ಪ್ರಾಣಿಹಿಂಸೆಯ ನಂಟಿಲ್ಲದ ವಸ್ತುಗಳನ್ನಷ್ಟೇ ಬಳಸಬೇಕೆಂದು ನಿರ್ಧರಿಸಿದವರು ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳಿಗೆ ಹೋಗಿ ಮಾಡುವ ಮೊದಲ ಕೆಲಸವೆಂದರೆ, ಹಸಿರೆಲೆಯ ಚಿತ್ರವಿರುವ ದುಬಾರಿ ಸೋಪನ್ನೂ ಫ್ರೀಜರ್‌ನಲ್ಲಿಟ್ಟ ಸಸ್ಯಗಳಿಂದ ಮಾಡಿದ ನಕಲಿ ಮಾಂಸದ ಪೊಟ್ಟಣವನ್ನೂ ಕೊಂಡು ತರುವುದು. ಸೋಪಿನಲ್ಲಿ ಏನಿದೆಯೆಂದು ಯಾರೂ ಓದಿರುವುದಿಲ್ಲ, ಪೊಟ್ಟಣದ ರುಚಿ ಮನೆಯವರಿಗೆ ಒಗ್ಗುವುದಿಲ್ಲ, ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನಂತೆಯೇ ಆಗಿರುತ್ತದೆ. ಕೊಳ್ಳುವುದರಿಂದ ಆರಂಭಿಸಿದವರಲ್ಲಿ ಹೆಚ್ಚಿನವರು ಹೀಗೆ ಎಡವುವುದನ್ನು ನೋಡಿದ್ದೇನೆ. ಓದುವುದರಿಂದ ಆರಂಭಿಸಿದರೆ ಕೊಳ್ಳಬೇಕಾದ ವಸ್ತುಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಮೊದಲ ಹಂತ: ಗಡಿ ಗೊತ್ತುಮಾಡಿಕೊಳ್ಳಿ

ಪ್ರಾಣಿಗಳ ಮೇಲೆ ಪರೀಕ್ಷಿಸದ ವಸ್ತು ಬೇರೆ, ಪ್ರಾಣಿಮೂಲದ ಪದಾರ್ಥವೇ ಇಲ್ಲದ ವಸ್ತು ಬೇರೆ. ಮೊಲದ ಕಣ್ಣಿಗೆ ಹನಿ ಹಾಕಿ ಪರೀಕ್ಷಿಸದ ಲಿಪ್‌ಸ್ಟಿಕ್‌ನಲ್ಲಿಯೂ ಕೀಟಗಳನ್ನು ಅರೆದು ತೆಗೆದ ಬಣ್ಣ ಇರಬಹುದು. ಹಾಲು, ಜೇನು, ರೇಷ್ಮೆಗಳನ್ನೂ ಬಿಡಬೇಕೇ ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಬೇಕು. ಕೊಟ್ಟಿಗೆಯಲ್ಲಿ ಹಸುಗಳಿರುವ ಮನೆಗಳೇ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಹಾಲಿನ ವಾದದಿಂದ ಆರಂಭಿಸಿದರೆ ಊಟದ ಮನೆಯಲ್ಲಿ ಜಗಳವಾಗುವುದೇ ಹೊರತು ಬೇರೇನೂ ಬದಲಾಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಮೊದಲು ಸಾಬೂನು, ಬಣ್ಣ ಮತ್ತು ಮಾಂಸಗಳ ವಿಚಾರ ಮುಗಿಸಿಕೊಳ್ಳಿ.

ಮನೆಯಲ್ಲಿ ಈಗಾಗಲೇ ಇರುವುದನ್ನು ಎಸೆಯಬೇಡಿ. ಮುಗಿಯುವವರೆಗೆ ಬಳಸಿ.

ಎರಡನೆಯ ಹಂತ: ಪೊಟ್ಟಣದ ಹಿಂಭಾಗವನ್ನು ಓದುವುದು

ಎಲ್ಲರೂ ತಪ್ಪುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರ ಮೇ ತಿಂಗಳಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷೆಗೊಳಗಾದ ಸರಕನ್ನು ಆಮದು ಮಾಡಿಕೊಳ್ಳುವುದಕ್ಕೂ ಅದೇ ವರ್ಷದ ನವೆಂಬರಿನಲ್ಲಿ ತಡೆ ಬಿತ್ತು. ಆದ್ದರಿಂದ ಇಲ್ಲಿಯೇ ತಯಾರಾದ ಸೋಪಿನ ಮೇಲೆ ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ, ಕಾನೂನು ಹೇಳಿದ್ದನ್ನು ಪಾಲಿಸಿದ್ದೇವೆಂದು ಅವರು ಹೇಳುತ್ತಿದ್ದಾರೆ, ಅಷ್ಟೇ. ಅದಕ್ಕಾಗಿ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಅದೇ ಕಂಪನಿ ಬೇರೆ ದೇಶದಲ್ಲಿ ಏನು ಮಾಡುತ್ತದೆಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಬೇಕಿದ್ದವರು ಎರಡು ನಕ್ಷತ್ರಗಳ ನಡುವೆ ನೆಗೆಯುವ ಮೊಲವಿರುವ ಲೀಪಿಂಗ್ ಬನ್ನಿ ಗುರುತನ್ನೋ ಪ್ರಾಣಿಗಳ ಹಕ್ಕಿಗಾಗಿ ಕೆಲಸ ಮಾಡುವ ಪೆಟಾ ಸಂಸ್ಥೆಯ ಮೊಲದ ಗುರುತನ್ನೋ ಹುಡುಕಬೇಕು. ಯಾವ ಸಂಸ್ಥೆಯ ಹೆಸರೂ ಇಲ್ಲದೆ ಸುಮ್ಮನೆ ಬಿಡಿಸಿದ ಮೊಲ ಅಲಂಕಾರ ಮಾತ್ರ.

ಪರೀಕ್ಷೆಯ ವಿಷಯ ಮುಗಿದ ಮೇಲೆ ಪದಾರ್ಥಗಳ ಪಟ್ಟಿಗೆ ಬನ್ನಿ. ಅಕ್ಷರಗಳು ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುವುದರಿಂದ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದುವುದೇ ವಾಸಿ. ಸೋಪಿನಲ್ಲಿ ನೋಡಬೇಕಾದ ಹೆಸರು ಸೋಡಿಯಂ ಟ್ಯಾಲೋವೇಟ್. ಅದು ದನ ಅಥವಾ ಕುರಿಯ ಕೊಬ್ಬಿನಿಂದ ಮಾಡಿದ್ದು. ಸೋಡಿಯಂ ಪಾಮೇಟ್ ತಾಳೆ ಎಣ್ಣೆಯದು, ಸೋಡಿಯಂ ಕೊಕೊಯೇಟ್ ಕೊಬ್ಬರಿ ಎಣ್ಣೆಯದು. ಗ್ಲಿಸರಿನ್ ಮತ್ತು ಸ್ಟಿಯರಿಕ್ ಆಮ್ಲಗಳು ಎರಡೂ ಮೂಲಗಳಿಂದ ಬರುತ್ತವೆ. ಪಟ್ಟಿಯಲ್ಲಿ ‘ಸಸ್ಯಮೂಲ’ ಎಂದು ನಮೂದಿಸದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಪತ್ರ ಬರೆದು ಕೇಳುವುದೊಂದೇ ದಾರಿ. ಟಿಎಫ್‌ಎಂ (ಒಟ್ಟು ಕೊಬ್ಬಿನಂಶ) 76 ಶೇಕಡಾ ಇದೆಯೆಂದು ತೋರಿಸಿ, ಇದು ಶುದ್ಧ ಸೋಪು ಎಂದು ಹೇಳುವ ಅಂಗಡಿಯವರಿದ್ದಾರೆ. ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆಯೆಂಬುದನ್ನು ಆ ಸಂಖ್ಯೆ ಹೇಳುತ್ತದೆಯೇ ವಿನಾ ಆ ಕೊಬ್ಬು ಯಾವುದರದೆಂದು ಹೇಳುವುದಿಲ್ಲ.

ಲಿಪ್‌ಸ್ಟಿಕ್‌ನಲ್ಲಿ ಕಾರ್ಮೈನ್ ಅಥವಾ ಸಿಐ 75470 (ಸಿಐ ಎಂದರೆ ಬಣ್ಣಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ) ಎಂದಿದ್ದರೆ ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನಿಯಲ್ ಕೀಟದಿಂದ ತೆಗೆದ ಕೆಂಪು. ಸಿಐ 77491 ಎಂದಿದ್ದರೆ ಕಬ್ಬಿಣದ ಆಕ್ಸೈಡ್; ಅದರಿಂದ ತೊಂದರೆಯಿಲ್ಲ. ಸೆರಾ ಆಲ್ಬಾ ಎಂದರೆ ಜೇನುಮೇಣ, ಲ್ಯಾನೊಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ಉಗುರುಬಣ್ಣಕ್ಕೆ ಮುತ್ತಿನ ಹೊಳಪು ಕೊಡುವ ಗ್ವಾನಿನ್, ಸಿಐ 75170, ಮೀನಿನ ಪೊರೆಯಿಂದ ಬರುವುದು. ಕ್ರೀಮುಗಳಲ್ಲಿ ಸ್ಕ್ವಾಲೀನ್ ಎಂಬುದು ಶಾರ್ಕಿನ ಯಕೃತ್ತಿನ ಎಣ್ಣೆಯಿಂದಲೂ ಆಗುತ್ತದೆ, ಆಲಿವ್‌ನಿಂದಲೂ ಆಗುತ್ತದೆ. ಶಾಂಪೂ ಡಬ್ಬಿಯ ಮುಂಭಾಗದಲ್ಲಿ ಹೆಮ್ಮೆಯಿಂದ ಬರೆಯುವ ಕೆರಾಟಿನ್ ಬಹುಮಟ್ಟಿಗೆ ಉಣ್ಣೆ, ಗರಿ, ಗೊರಸುಗಳದು. ‘ಹರ್ಬಲ್’ ಎಂಬ ಮಾತು ಇವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ. ಬೇವು, ಅರಿಸಿನಗಳ ಜೊತೆಗೆ ಜೇನುಮೇಣವಿರುವ ಹರ್ಬಲ್ ಕ್ರೀಮುಗಳು ಎಷ್ಟೋ ಇವೆ.

ತಿನಿಸಿನ ಪೊಟ್ಟಣಗಳನ್ನು ಓದುವುದು ಇಷ್ಟು ಕಷ್ಟವಲ್ಲ. ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರಕ್ಕೆ, ಕಂದು ತ್ರಿಕೋನ ಮಾಂಸಾಹಾರಕ್ಕೆ. ಆದರೆ ಹಸಿರು ಚುಕ್ಕೆಯ ನಿಯಮದಲ್ಲಿ ಹಾಲು, ಜೇನು, ಜೇನುಮೇಣ ಮತ್ತು ಅರಗಿನಿಂದ ಮಾಡುವ ಶೆಲ್ಯಾಕ್‌ಗಳಿಗೆ ವಿನಾಯಿತಿಯಿದೆ ಎಂಬುದು ನೆನಪಿರಲಿ. ಅವನ್ನೂ ಬಿಟ್ಟವರು 2022ರ ನಿಯಮದ ಪ್ರಕಾರ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ ಹಸಿರು ‘ವಿ’ ಗುರುತನ್ನು ನೋಡಬೇಕು.

ಮೂರನೆಯ ಹಂತ: ತಲೆ ಸ್ನಾನ

ಇದು ಸುಲಭ. ದಾಸವಾಳದ ಎಲೆಗಳನ್ನು ತಣ್ಣೀರಿನಲ್ಲಿ ಹಿಸುಕಿ, ಬಟ್ಟೆಯಲ್ಲಿ ಸೋಸಿದರೆ ಮಲೆನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಬಳಸುತ್ತಿರುವ ಗೊಂಪು ಸಿದ್ಧ. ಎಣ್ಣೆ ಹಚ್ಚಿದ ತಲೆಗೆ ಗೊಂಪು ಸಾಲುವುದಿಲ್ಲ. ಅದಕ್ಕೆ ಸೀಗೆಪುಡಿ ಬೇಕು. ಪೊಟ್ಟಣದಲ್ಲಿ ಬರುವ ಪುಡಿಗಿಂತ ಗ್ರಂಧಿಗೆ ಅಂಗಡಿಯಿಂದ ಕಾಯಿಯನ್ನೇ ತಂದು, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ಮೇಲು.

ನಾಲ್ಕನೆಯ ಹಂತ: ಜೇನುಮೇಣವಿಲ್ಲದ ತುಟಿಮುಲಾಮು

ಚಿಕ್ಕಮಗಳೂರಿನ ಚಳಿಗೆ ತುಟಿ ಒಡೆಯದಿರುವವರು ಕಡಿಮೆ. ಅಂಗಡಿಯ ಮುಲಾಮುಗಳಲ್ಲಿ ಜೇನುಮೇಣವಿಲ್ಲದ್ದು ಸಿಗುವುದು ಅಪರೂಪವಾದ್ದರಿಂದ ಇದೊಂದನ್ನು ಮನೆಯಲ್ಲಿಯೇ ಮಾಡಿಕೊಳ್ಳಿ ಎನ್ನುತ್ತೇನೆ. ಬೇಕಾದ ಮುಖ್ಯ ವಸ್ತು ಮುರುಗಲು ತುಪ್ಪ, ಅಂದರೆ ಕರಾವಳಿಯವರು ಪುನರ್ಪುಳಿ ಎನ್ನುವ ಹಣ್ಣಿನ ಬೀಜದ ಕೊಬ್ಬು. ಹೆಸರಿನಲ್ಲಿ ತುಪ್ಪವಿದ್ದರೂ ಇದರಲ್ಲಿ ಹಾಲಿನ ಅಂಶವಿಲ್ಲ. ಒಡೆದ ತುಟಿಗೂ ಹಿಮ್ಮಡಿಗೂ ಹಚ್ಚುವ ರೂಢಿ ಮಲೆನಾಡಿನಲ್ಲಿ ಹಳೆಯದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗಿಹೋಗುತ್ತದೆ, ಮುರುಗಲು ತುಪ್ಪ 38 ಡಿಗ್ರಿಯ ಆಸುಪಾಸಿನವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಜೇನುಮೇಣದ ಕೆಲಸವನ್ನು ಅದು ಮಾಡುವುದು ಈ ಗುಣದಿಂದ.

ಎರಡು ಚಮಚ ಮುರುಗಲು ತುಪ್ಪ, ಒಂದು ಚಮಚ ಕೊಬ್ಬರಿ ಎಣ್ಣೆ, ಅರ್ಧ ಚಮಚ ಹರಳೆಣ್ಣೆಯನ್ನು ಚಿಕ್ಕ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರವಾಗಿ ಒಲೆಯ ಮೇಲಿಡಬೇಡಿ. ಬಣ್ಣ ಬೇಕೆನ್ನುವವರು ಈಗಲೇ ತಪ್ಪುತ್ತಾರೆ: ಬೀಟ್‌ರೂಟ್ ರಸ ಸುರಿಯುತ್ತಾರೆ. ಬೀಟ್‌ರೂಟ್‌ನ ಬಣ್ಣ ನೀರಿನಲ್ಲಿ ಕರಗುವಂಥದ್ದು, ಎಣ್ಣೆಯಲ್ಲಿ ಬೆರೆಯುವುದಿಲ್ಲ. ರಸ ತಳದಲ್ಲಿ ಹನಿಹನಿಯಾಗಿ ನಿಂತು, ಆ ನೀರಿನಂಶಕ್ಕೆ ಮುಲಾಮು ಬೂಷ್ಟು ಹಿಡಿಯುತ್ತದೆ. ಗ್ರಂಧಿಗೆ ಅಂಗಡಿಯ ರತನ್‌ಜೋತ್ ಬೇರಿನ ಬಣ್ಣ ಎಣ್ಣೆಗೇ ಬಿಡುವುದರಿಂದ, ಅದರ ಎರಡು ಚೂರುಗಳನ್ನು ಬಿಸಿ ಎಣ್ಣೆಯಲ್ಲಿ ಕಾಲು ಗಂಟೆ ನೆನೆಸಿ ಸೋಸಿದರೆ ಸಾಕು.

ತಣಿಸುವುದರಲ್ಲಿಯೂ ಒಂದು ಕ್ರಮವಿದೆ. ನಿಧಾನವಾಗಿ ಆರಲು ಬಿಟ್ಟರೆ ಕೊಬ್ಬು ಹರಳುಗಟ್ಟಿ, ಮುಲಾಮು ಸಣ್ಣ ರವೆಯಂತೆ ತರಿತರಿಯಾಗುತ್ತದೆ. ಬಟ್ಟಲನ್ನು ತಣ್ಣೀರಿನಲ್ಲಿಟ್ಟು, ಅಂಚಿನಲ್ಲಿ ಕೆನೆಗಟ್ಟುವವರೆಗೆ ಕೈಬಿಡದೆ ಕಲಕಿ, ಒಣಗಿದ ಡಬ್ಬಿಗೆ ಸುರಿದು, ತಕ್ಷಣ ಫ್ರಿಜ್ಜಿನಲ್ಲಿಡಿ. ಆದರೂ ತರಿಯಾದರೆ ಮತ್ತೊಮ್ಮೆ ಕರಗಿಸಬಹುದು. ತುಟಿಗೆ ಹಚ್ಚುವ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ, ಒಂದು ದಿನ ನೋಡಿ.

ಐದನೆಯ ಹಂತ: ಮಾಂಸವಿಲ್ಲದ ಸಾರು

ಮುದ್ದೆಗೆ ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಮಾಡುವ ಜಿಲ್ಲೆಯವರಿಗೆ ಮಾಂಸವಿಲ್ಲದ ಅಡುಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಷ್ಟ ಬರುವುದು ಭಾನುವಾರ, ಕಡುಬಿನ ಜೊತೆಗೆ ಕೋಳಿ ಸಾರು ಇಲ್ಲದಾಗ. ಅದೇ ಮಸಾಲೆಗೆ ಕೋಳಿಯ ಬದಲು ಸೋಯಾ ಉಂಡೆ ಹಾಕಿದವರ ಸಾರು ನೀರುನೀರಾಗಿ, ಮಸಾಲೆ ಹಸಿಹಸಿಯಾಗಿ ಉಳಿಯುತ್ತದೆ. ಕೋಳಿ ಬೇಯುವಾಗ ಬಿಡುವ ಜಿಡ್ಡು ಮತ್ತು ಮೂಳೆಯ ರಸ ಇಲ್ಲಿ ಇರುವುದಿಲ್ಲ. ಆ ಕೊರತೆಯನ್ನು ಹುರಿಯುವುದರಿಂದಲೂ ಕಾಳಿನ ಕಟ್ಟಿನಿಂದಲೂ ತುಂಬಬೇಕು. ಸೋಯಾ ಉಂಡೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ ಸಿಗುವಾಗ ಹಿತುಕಿದ ಅವರೆಬೇಳೆ, ಉಳಿದ ಕಾಲದಲ್ಲಿ ಮೊಳಕೆ ಕಟ್ಟಿದ ಹುರುಳಿ ಅಥವಾ ಕಡಲೆಕಾಳು ತೆಗೆದುಕೊಳ್ಳಿ. ಜೊತೆಗೆ ಎರಡು ಆಲೂಗಡ್ಡೆ ಇರಲಿ.

ಕಾಳನ್ನು ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದು ತೆಗೆದಿಡಿ. ಟೊಮೆಟೊವನ್ನಾಗಲಿ ಹುಣಸೆಯನ್ನಾಗಲಿ ಈಗಲೇ ಹಾಕಬಾರದು. ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ. ಮೂರು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಎರಡು ಈರುಳ್ಳಿಯನ್ನು ಅಂಚು ಕಂದುವವರೆಗೆ ಹುರಿದು, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಗಸಗಸೆ ಸೇರಿಸಿ, ಕೊನೆಗೆ ಅರ್ಧ ಹೋಳು ತೆಂಗಿನ ತುರಿ ಹಾಕಿ ಹೊಂಬಣ್ಣ ಬರಿಸಿ. ಇದನ್ನು ದನಿಯಾ ಪುಡಿ, ಖಾರದ ಪುಡಿ ಮತ್ತು ಒಂದು ಸೌಟು ಬೆಂದ ಕಾಳಿನೊಂದಿಗೆ ನುಣ್ಣಗೆ ರುಬ್ಬಿ. ಸಾರಿಗೆ ಮೈ ಬರುವುದು ಆ ಒಂದು ಸೌಟು ಕಾಳಿನಿಂದ. ರುಬ್ಬಿದ್ದನ್ನು ಮತ್ತೆ ಅದೇ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಹತ್ತು ನಿಮಿಷವಾದರೂ ಬಾಡಿಸಬೇಕು. ಇದನ್ನು ಎರಡು ನಿಮಿಷಕ್ಕೆ ಮುಗಿಸಿದವರೇ ಸಾರಿಗೆ ರುಚಿಯಿಲ್ಲವೆಂದು ದೂರುವುದು. ಆಮೇಲೆ ಆಲೂಗಡ್ಡೆ ಮತ್ತು ಕಟ್ಟನ್ನು ಹಾಕಿ, ಆಲೂಗಡ್ಡೆ ಬೆಂದ ಮೇಲೆ ಟೊಮೆಟೊ ಹಾಗೂ ಕಾಳು ಸೇರಿಸಿ ಕುದಿಸಿ, ಕೊತ್ತಂಬರಿ ಸೊಪ್ಪು ಉದುರಿಸಿ ಇಳಿಸಿ.

ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರುಗಳನ್ನೂ ಬಿಟ್ಟವರಿಗೆ ವಿಟಮಿನ್ ಬಿ12 ಸೊಪ್ಪು ಕಾಳುಗಳಿಂದ ಸಿಗುವುದಿಲ್ಲ. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ಕ್ಯಾಪ್ಸೂಲ್ ಬರೆದುಕೊಟ್ಟರೆ ಅದರ ಹೊದಿಕೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡುವ ಜೆಲಟಿನ್‌ನದೋ ಸಸ್ಯಮೂಲದ್ದೋ ಎಂದು ಔಷಧಿ ಅಂಗಡಿಯಲ್ಲಿ ವಿಚಾರಿಸಿ.