ಪುಸ್ತಕ ಮುಚ್ಚಿ ಬರೆದ ನೋಟ್ಸ್

ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಸಮಾಜ ವಿಜ್ಞಾನದಲ್ಲಿ 80ಕ್ಕೆ 34 ಬಂತು. ಓದದೆ ಹೀಗಾಯ್ತು ಅಂತ ಯಾರೂ ಹೇಳುವಂತಿರಲಿಲ್ಲ. ಸಮಾಜದ್ದೇ ಎರಡು ಲಾಂಗ್ ಬುಕ್ ತುಂಬಾ ನೋಟ್ಸ್ ಬರೆದಿದ್ದೆ. ಹೆಡ್ಡಿಂಗಿಗೆ ಕೆಂಪು ಸ್ಕೆಚ್ ಪೆನ್, ಇಸವಿಗೆ ಹಸಿರು, ಹೆಸರುಗಳಿಗೆ ನೇರಳೆ. ಅಮ್ಮ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಪೇಪರ್ ಕೊಟ್ಟ ದಿನ ಆ ಬುಕ್ಕುಗಳನ್ನು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ನಾಲ್ಕು ಪುಟ ತಿರುವಿದರು. ಆಮೇಲೆ ಬುಕ್ ಮುಚ್ಚಿ, ಅದರ ಮೇಲೆ ಕೈ ಇಟ್ಟುಕೊಂಡು ಕೇಳಿದರು: "ಸಹಾಯಕ ಸೈನ್ಯ ಪದ್ಧತಿ ಅಂದ್ರೇನಮ್ಮ? ಯಾರು ತಂದದ್ದು, ಷರತ್ತು ಏನೇನು?" ವೆಲ್ಲೆಸ್ಲಿ, 1798 ಅಂದೆ. ಷರತ್ತು ಒಂದೂ ಬಾಯಿಗೆ ಬರಲಿಲ್ಲ. ಅದು ಎಡಗಡೆ ಪುಟದಲ್ಲಿದೆ, ಕೆಂಪು ಹೆಡ್ಡಿಂಗಿನ ಕೆಳಗೆ ಐದು ಪಾಯಿಂಟ್ ಇದೆ ಅನ್ನೋದು ಕಣ್ಣಿಗೆ ಕಟ್ಟಿದಂತಿತ್ತು. ಆ ಐದು ಏನು ಅಂತ ಮಾತ್ರ ಗೊತ್ತಿರಲಿಲ್ಲ.

"ಪುಸ್ತಕ ನೋಡ್ಕೊಂಡು ಬರೆದಿದೀಯ. ಇನ್ನು ಮುಂದೆ ಮುಚ್ಚಿ ಬರಿ" ಅಂದರು. ಬೈಯಲಿಲ್ಲ. ಅಷ್ಟು ಹೇಳಿ ಬುಕ್ ವಾಪಸ್ ಕೊಟ್ಟರು.

ಅವತ್ತು ಸಂಜೆ ಅದೇ ಷರತ್ತುಗಳಿಂದ ಶುರು ಮಾಡಿದೆ. ಪಾಠದ ಆ ಭಾಗ ಎರಡು ಸಲ ಓದಿದೆ. ಪುಸ್ತಕ ಮುಚ್ಚಿ ಮಂಚದ ಮೇಲೆ ಇಟ್ಟು, ನಾನು ಕೆಳಗೆ ಕೂತು ನೀಲಿ ಪೆನ್ನಲ್ಲಿ ಬರೆದೆ. ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು. ಅದರ ಖರ್ಚು ಅವನೇ ಕೊಡಬೇಕು, ಇಲ್ಲವೇ ಕಂದಾಯ ಬರುವ ಪ್ರದೇಶ ಬಿಟ್ಟುಕೊಡಬೇಕು. ಆಸ್ಥಾನದಲ್ಲಿ ಒಬ್ಬ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಇರಬೇಕು. ಮೂರು ಬಂದವು. ಮುಂದೆ ಎಷ್ಟು ಯೋಚಿಸಿದರೂ ಇಲ್ಲ. ಪುಸ್ತಕ ತೆಗೆದು ನೋಡಿ, ಬಿಟ್ಟುಹೋದ ಎರಡನ್ನು ಕೆಂಪು ಪೆನ್ನಲ್ಲಿ ಸೇರಿಸಿದೆ. ಕಂಪನಿಯ ಒಪ್ಪಿಗೆ ಇಲ್ಲದೆ ಬೇರೆ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಕಂಪನಿಯನ್ನು ಕೇಳದೆ ಬೇರೆ ರಾಜರ ಜೊತೆ ಯುದ್ಧವನ್ನೋ ಒಪ್ಪಂದವನ್ನೋ ಮಾಡುವಂತಿಲ್ಲ.

ಮಾರನೇ ದಿನ ಬೆಳಿಗ್ಗೆ ಮುಖ ತೊಳೆದು ಬಂದವಳೇ ಹಾಳೆ ನೋಡದೆ ಐದನ್ನೂ ಹೇಳಿಕೊಂಡೆ. ನಾಲ್ಕು ಬಂದವು. ಯುರೋಪಿಯನ್ನರದ್ದು ಮತ್ತೆ ಕೈಕೊಟ್ಟಿತು. ಅದರ ಕೆಳಗೆ ಎರಡು ಗೆರೆ ಎಳೆದೆ. ಇಡೀ ವರ್ಷಕ್ಕೆ ನನ್ನ ನೋಟ್ಸ್ ಮಾಡುವ ಕ್ರಮ ಇದೇ ಆಯಿತು. ನೀಲಿಯಲ್ಲಿ ಇರುವುದು ನನಗೆ ಬರುತ್ತದೆ. ಕೆಂಪಿನಲ್ಲಿ ಇರುವುದನ್ನು ಓದಬೇಕು. ಎರಡು ಗೆರೆ ಇರುವುದನ್ನು ಪರೀಕ್ಷೆ ದಿನ ಬೆಳಿಗ್ಗೆಯೂ ನೋಡಬೇಕು. ಸ್ಕೆಚ್ ಪೆನ್ನುಗಳನ್ನು ತಮ್ಮನಿಗೆ ಕೊಟ್ಟುಬಿಟ್ಟೆ.

ಈ ರೀತಿ ಬರೆಯುವುದು ಮೊದಲ ವಾರ ತುಂಬಾ ಬೇಜಾರು ತರಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನೋಡಿಕೊಂಡು ಬರೆದರೆ ಒಂದು ಗಂಟೆಗೆ ಆರು ಪುಟ ಆಗುತ್ತದೆ, ಏನೋ ಓದಿದ ಸಮಾಧಾನ ಇರುತ್ತದೆ. ಮುಚ್ಚಿ ಬರೆದರೆ ಅದೇ ಒಂದು ಗಂಟೆಗೆ ಅರ್ಧ ಹಾಳೆ, ಅದರಲ್ಲೂ ಮುಕ್ಕಾಲು ಪಾಲು ಕೆಂಪು. ನನಗೆ ಏನೂ ಬರುವುದಿಲ್ಲ ಅನ್ನಿಸಿ ಅಳು ಬಂದದ್ದೂ ಇದೆ. ಆದರೆ ಆ ಕೆಂಪು ಪರೀಕ್ಷಾ ಹಾಲ್‌ನಲ್ಲಿ ಕಾಣಿಸಿಕೊಳ್ಳುವ ಬದಲು ಡಿಸೆಂಬರಿನಲ್ಲಿ ಮನೆಯಲ್ಲೇ ಕಾಣಿಸಿತು, ಅಲ್ವಾ?

ಲಾಂಗ್ ಬುಕ್ ಕೂಡ ಬಿಟ್ಟೆ. ಅದರಲ್ಲಿ ನಡುವೆ ಒಂದು ಹಾಳೆ ಸೇರಿಸೋಕೆ ಆಗಲ್ಲ, ತೆಗೆಯೋಕೂ ಆಗಲ್ಲ. ಅಪ್ಪನ ಸೊಸೈಟಿ ಆಫೀಸಿನಿಂದ ಒಂದು ಕಡೆ ಪ್ರಿಂಟ್ ಆದ ಹಾಳೆಗಳು ಬರುತ್ತಿದ್ದವು. ಖಾಲಿ ಇರುವ ಕಡೆ ನಾನು ಬರೆಯುತ್ತಿದ್ದೆ. ಎಡಗಡೆ ಎರಡು ತೂತು ಹೊಡೆದು, ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ಕಟ್ಟುತ್ತಾರಲ್ಲ, ಆ ಬಿಳಿ ಟ್ಯಾಗ್‌ನಲ್ಲಿ ಕಟ್ಟಿದೆ. ಹಳೆಯ ಕ್ಯಾಲೆಂಡರಿನ ರಟ್ಟನ್ನು ಹಿಂದೆ ಮುಂದೆ ಹಾಕಿದೆ. ವಿಷಯಕ್ಕೆ ಒಂದು ಕಟ್ಟು. ಒಂದು ಪಾಠಕ್ಕೆ ಒಂದೇ ಹಾಳೆ. ಜಾಸ್ತಿ ಆದರೆ ಏನು ಬಿಡಬೇಕು ಅಂತ ನಾನೇ ತೀರ್ಮಾನ ಮಾಡಬೇಕು. ಪ್ರತಿ ಹಾಳೆಯ ಮೇಲ್ಗಡೆ ಮೂಲೆಯಲ್ಲಿ ಪಠ್ಯಪುಸ್ತಕದ ಪುಟ ಸಂಖ್ಯೆ ಬರೆಯುತ್ತಿದ್ದೆ. ಇದು ಸಣ್ಣ ವಿಷಯ, ಆದರೆ ಮಾರ್ಚ್ ತಿಂಗಳಲ್ಲಿ ಏನಾದರೂ ಅನುಮಾನ ಬಂದಾಗ ನೇರ ಆ ಪುಟಕ್ಕೆ ಹೋಗಬಹುದು. ಕೆಳಗಿನ ಮೂಲೆಯಲ್ಲಿ ತಾರೀಖು. ಬರೆದ ದಿನ, ಮಾರನೇ ದಿನ, ಒಂದು ವಾರದ ಮೇಲೆ, ಆಮೇಲೆ ಪ್ರಿಪರೇಟರಿಗೆ ಮುಂಚೆ. ನಾಲ್ಕು ತಾರೀಖು ಬೀಳದ ಹಾಳೆ ಅಂದರೆ ಇನ್ನೂ ಓದಿಲ್ಲ ಅಂತಲೇ ಲೆಕ್ಕ.

ಒಂದು ಪಾಠ ಒಂದು ಹಾಳೆಗೆ ಹೇಗೆ ಹಿಡಿಸುತ್ತದೆ ಅನ್ನೋದಕ್ಕೆ ಆಂಗ್ಲೋ-ಮೈಸೂರು ಯುದ್ಧಗಳ ಹಾಳೆ ಹೇಳುತ್ತೇನೆ. ನಾಲ್ಕು ಸಾಲಿನ ಒಂದು ಕೋಷ್ಟಕ, ಅಷ್ಟೇ. ಮೊದಲ ಯುದ್ಧ 1767ರಿಂದ 69, ಮದ್ರಾಸ್ ಒಪ್ಪಂದ. ಎರಡನೆಯದು 1780ರಿಂದ 84, ಮಂಗಳೂರು ಒಪ್ಪಂದ, ನಡುವೆ 1782ರಲ್ಲಿ ಹೈದರ್ ತೀರಿಕೊಂಡ. ಮೂರನೆಯದು 1790ರಿಂದ 92, ಶ್ರೀರಂಗಪಟ್ಟಣ ಒಪ್ಪಂದ, ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ನಾಲ್ಕನೆಯದು 1799. ಒಪ್ಪಂದದ ಕಲಂ ತುಂಬಿಸುವಾಗ ಇಲ್ಲಿ ಕೈ ನಿಂತಿತು. ಟಿಪ್ಪು ಯುದ್ಧದಲ್ಲೇ ಸತ್ತ ಮೇಲೆ ಅವನ ಜೊತೆ ಒಪ್ಪಂದ ಎಲ್ಲಿಂದ ಬರಬೇಕು? ಆ ಮನೆಯನ್ನು ಖಾಲಿ ಬಿಟ್ಟೆ. ಇವತ್ತಿಗೂ ನನಗೆ ನಾಲ್ಕನೇ ಯುದ್ಧ ಅಂದರೆ ಆ ಖಾಲಿ ಮನೆ ನೆನಪಾಗುತ್ತದೆ.

ಒಪ್ಪಂದಗಳ ಕ್ರಮ ನನಗೆ ಯಾವಾಗಲೂ ಅದಲು ಬದಲು ಆಗುತ್ತಿತ್ತು. ಮೂರು ಊರನ್ನೂ ಒಂದರ ಕೆಳಗೆ ಒಂದು ಬರೆದು ನೋಡುತ್ತಾ ಕೂತಾಗ ಹೊಳೆಯಿತು. ಮದ್ರಾಸ್ ಕಂಪನಿಯವರ ಮನೆ. ಹೈದರ್ ಅಲ್ಲಿಯವರೆಗೂ ಹೋಗಿ ಅವರ ಬಾಗಿಲಲ್ಲೇ ಒಪ್ಪಂದ ಮಾಡಿಸಿಕೊಂಡ. ಮೂರನೆಯದಕ್ಕೆ ಅವರು ಟಿಪ್ಪುವಿನ ಬಾಗಿಲಿಗೆ, ಶ್ರೀರಂಗಪಟ್ಟಣಕ್ಕೇ ಬಂದುಬಿಟ್ಟರು. ಇದನ್ನು ಯಾವ ಗೈಡೂ ನನಗೆ ಹೇಳಿರಲಿಲ್ಲ. ಹೊಳೆದ ಮೇಲೆ ಕ್ರಮ ತಪ್ಪಲಿಲ್ಲ. ಆರೇಳು ಪುಟವನ್ನು ನಾಲ್ಕು ಸಾಲಿಗೆ ಇಳಿಸಿದ್ದಕ್ಕೆ ಮೂರು ಹೆಸರು ಒಂದೇ ಕಡೆ ಕಣ್ಣಿಗೆ ಬಿದ್ದವು. ಪುಟ ಪುಟದಲ್ಲಿ ಚದುರಿದ್ದರೆ ಕಾಣುತ್ತಲೇ ಇರಲಿಲ್ಲ.

ಕನ್ನಡಕ್ಕೆ ನೋಟ್ಸ್ ಕಡಿಮೆ ಮಾಡಿದೆ. ಪದ್ಯವನ್ನು ಓದಿ ಬಾಯಿಪಾಠ ಮಾಡಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಕವಿ ಪರಿಚಯಕ್ಕೆ ಮಾತ್ರ ಒಂದು ಕೋಷ್ಟಕ ಇತ್ತು. ಹುಟ್ಟಿದ ಇಸವಿ, ಊರು, ಪ್ರಶಸ್ತಿ. ಕುವೆಂಪು 1904, ಬೇಂದ್ರೆ 1896 ಧಾರವಾಡ, ಕಾರಂತ 1902 ಕೋಟ ಅಂತ ಒಂದರ ಕೆಳಗೊಂದು. ಜ್ಞಾನಪೀಠದ ಇಸವಿ ಪಕ್ಕದಲ್ಲೇ: 1967, 1973, 1977. ಛಂದಸ್ಸಿಗೆ ನಾನು ಏನೂ ಬರೆಯಬೇಕಾಗಲಿಲ್ಲ. "ಯಮಾತಾರಾಜಭಾನಸಲಗಂ" ಅನ್ನೋ ಒಂದು ಸಾಲು ಸಾಕು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ತೆಗೆದುಕೊಳ್ಳಬೇಕು. ಯಮಾತಾ, ಲಘು ಗುರು ಗುರು, ಯಗಣ. ಮಾತಾರಾ, ಮೂರೂ ಗುರು, ಮಗಣ. ನಸಲ, ಮೂರೂ ಲಘು, ನಗಣ. ಎಂಟು ಗಣ ಒಂದು ಉಸಿರಿನಲ್ಲಿ ಮುಗಿಯುತ್ತದೆ. ಇಷ್ಟು ಚೆಂದದ ನೋಟ್ಸ್ ನಾನು ಬೇರೆ ಎಲ್ಲೂ ನೋಡಿಲ್ಲ.

ವಿಜ್ಞಾನದಲ್ಲಿ ನನಗೆ ತೊಂದರೆ ಮರೆವಿನದಲ್ಲ, ಗೊಂದಲದ್ದು. ಅದಕ್ಕೆ ಪಾಠದ ಹಾಳೆಗಳ ಜೊತೆ "ಜೋಡಿಗಳು" ಅಂತ ಒಂದು ಬೇರೆ ಹಾಳೆ ಇಟ್ಟೆ. ಎಲ್ಲೆಲ್ಲಿ ಒಂದಕ್ಕೆ ಇನ್ನೊಂದು ಬರೆದು ಮಾರ್ಕ್ಸ್ ಕಳೆದುಕೊಂಡೆನೋ ಅವೆಲ್ಲ ಅಲ್ಲಿ. ನಿಮ್ನ ದರ್ಪಣ ಬೆಳಕನ್ನು ಒಂದುಗೂಡಿಸುತ್ತದೆ, ನಿಮ್ನ ಮಸೂರ ಚದುರಿಸುತ್ತದೆ. ದರ್ಪಣದ ಸೂತ್ರದಲ್ಲಿ ಪ್ಲಸ್, ಮಸೂರದ ಸೂತ್ರದಲ್ಲಿ ಮೈನಸ್. ಅಪಧಮನಿ ರಕ್ತವನ್ನು ಹೃದಯದಿಂದ ಹೊರಗೆ ಒಯ್ಯುತ್ತದೆ, ಅಭಿಧಮನಿ ಹೃದಯದ ಒಳಗೆ ತರುತ್ತದೆ. ಅಪಧಮನಿ ಅಂದರೆ ಆಕ್ಸಿಜನ್ ಇರುವ ರಕ್ತ ಅಂತ ನಾನು ಬರೆದುಬಿಡುತ್ತಿದ್ದೆ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತವೇ ಇರುತ್ತದೆ. ಅದಕ್ಕೆ ಎರಡಲ್ಲ, ಮೂರು ಗೆರೆ ಬಿದ್ದವು. ಚಿತ್ರಗಳನ್ನು ನೋಟ್ಸಿಗೆ ಅಂಟಿಸಲಿಲ್ಲ, ಪ್ರತಿ ಸಲ ಹೊಸದಾಗಿ ಪೆನ್ಸಿಲಿನಲ್ಲಿ ಬರೆದು, ಭಾಗಗಳನ್ನು ಗುರುತಿಸಿ, ಹರಿದು ಹಾಕುತ್ತಿದ್ದೆ. ಪರೀಕ್ಷೆಯಲ್ಲಿ ಕೈ ಓಡಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಗಣಿತಕ್ಕೆ ಸಾರಾಂಶ ಅಂತ ಮಾಡೋಕೆ ಹೋಗಬೇಡಿ. ಸೂತ್ರಗಳು ಒಂದು ಹಾಳೆ, ಪ್ರಮೇಯಗಳು ಒಂದು ಹಾಳೆ, ಉಳಿದದ್ದೆಲ್ಲ ತಪ್ಪುಗಳ ಹಾಳೆ. ಸಮಾಂತರ ಶ್ರೇಢಿಯಲ್ಲಿ 10ನೇ ಪದ ಕೇಳಿದರೆ ಮೊದಲ ಪದಕ್ಕೆ ಸಾಮಾನ್ಯ ವ್ಯತ್ಯಾಸದ 9 ಪಟ್ಟು ಸೇರಿಸಬೇಕು. ನಾನು 10 ಪಟ್ಟು ಸೇರಿಸುತ್ತಿದ್ದೆ. ಒಂದಲ್ಲ, ನಾಲ್ಕು ಸಲ. ತಪ್ಪುಗಳ ಹಾಳೆಯಲ್ಲಿ ಅದು ನಾಲ್ಕು ಸಲ ಬಂದದ್ದು ನೋಡಿದ ಮೇಲೆ ಐದನೇ ಸಲ ಆಗಲಿಲ್ಲ.

ಇಂಗ್ಲಿಷು, ಹಿಂದಿ ಎರಡಕ್ಕೂ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದ್ದೇ ಹೆಚ್ಚು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಪ್ರಿಪರೇಟರಿ ಮುಗಿದ ಮೇಲೆ ಎಲ್ಲ ಕಟ್ಟುಗಳನ್ನೂ ಬಿಚ್ಚಿದೆ. ನೆಲದ ಮೇಲೆ ಹರಡಿಕೊಂಡು ಹಾಳೆಗಳನ್ನು ಮೂರು ಗುಂಪು ಮಾಡಿದೆ. ಬರುತ್ತೆ, ಅರ್ಧ ಬರುತ್ತೆ, ಬರಲ್ಲ. "ಬರುತ್ತೆ" ಗುಂಪನ್ನು ಕಟ್ಟಿ ಅಟ್ಟದ ಮೇಲೆ ಇಟ್ಟೆ. ಅದೇ ತುಂಬಾ ಕಷ್ಟದ ಕೆಲಸ. ಗೊತ್ತಿರುವ ಪಾಠವನ್ನೇ ಮತ್ತೆ ಮತ್ತೆ ಓದೋಕೆ ಮನಸ್ಸು ಎಳೆಯುತ್ತದೆ, ಅಲ್ಲಿ ಸುಖ ಇದೆ. ಕಣ್ಣಿಗೆ ಕಾಣದ ಹಾಗೆ ಇಟ್ಟಿದ್ದಕ್ಕೇ ಬಚಾವಾದೆ. ಉಳಿದ ಎರಡು ಗುಂಪಿನಿಂದ ಕೆಂಪಿನಲ್ಲಿ ಇರುವುದನ್ನಷ್ಟೇ ಎತ್ತಿ, ವಿಷಯಕ್ಕೆ ಎರಡು ಹಾಳೆಯಂತೆ ಹೊಸದಾಗಿ ಬರೆದೆ, ಆಗಲೂ ಮುಚ್ಚಿಯೇ. ಪರೀಕ್ಷೆಗಳ ನಡುವೆ ಸಿಗುವ ರಜೆಯಲ್ಲಿ ಓದಿದ್ದು ಇವನ್ನು. ಪರೀಕ್ಷೆ ದಿನ ಬಸ್ಸಿನಲ್ಲಿ ಕೈಯಲ್ಲಿದ್ದದ್ದು ಅರ್ಧ ಹಾಳೆ, ಎರಡು ಗೆರೆ ಬಿದ್ದವು ಮಾತ್ರ. ಸುತ್ತ ಗೆಳತಿಯರು ದಪ್ಪ ಗೈಡು ತಿರುವುತ್ತಿದ್ದರು. ಭಯ ಆಗಲಿಲ್ಲ ಅಂತ ಹೇಳಲಾರೆ, ಆದರೆ ಆ ಅರ್ಧ ಹಾಳೆ ಮಡಚಿ ಬ್ಯಾಗಿಗೆ ಹಾಕಿ ಹಾಲ್‌ಗೆ ಹೋಗುವಾಗ ಇನ್ನೇನು ನೋಡಬೇಕಿತ್ತು ಅನ್ನೋ ತಳಮಳ ಇರಲಿಲ್ಲ. ಪೇಪರ್ ಓದಿಕೊಳ್ಳೋಕೆ ಕೊಡುವ 15 ನಿಮಿಷದಲ್ಲಿ ಕೆಂಪು ಪಾಯಿಂಟ್‌ಗಳು ಎಲ್ಲೆಲ್ಲಿ ಬಂದಿವೆ ಅಂತ ಹುಡುಕಿದೆ. ಸಮಾಜದಲ್ಲಿ 80ಕ್ಕೆ 71 ಬಂತು. ಮೇಷ್ಟ್ರಿಗೆ ಫೋನ್ ಮಾಡಿದೆ. ಯುರೋಪಿಯನ್ನರ ಷರತ್ತು ಈಗ ಹೇಳು ಅಂದರು. ಹೇಳಿದೆ.

ಈಗ ತಮ್ಮ ಹತ್ತನೇ ಕ್ಲಾಸು. ಜೂನ್‌ನಲ್ಲೇ "ಅಕ್ಕ, ನಿನ್ನ ಕಟ್ಟು ಕೊಡೇ" ಅಂತ ಬಂದ. ಕೊಡಲಿಲ್ಲ. ಜಿಪುಣತನಕ್ಕಲ್ಲ. ಅದರಲ್ಲಿ ಕೆಂಪಾಗಿರುವುದು ನಾನು ಮರೆತದ್ದು, ಅವನು ಮರೆಯುವುದು ಬೇರೆ ಇರುತ್ತದೆ. ನನ್ನ ಹಾಳೆ ಸಿಕ್ಕರೆ ಅವನು ನೋಡಿಕೊಂಡು ಬರೆಯುತ್ತಾನೆ, ನಾನು ಮೊದಲು ಮಾಡಿದ್ದ ಹಾಗೆ. ಅದರ ಬದಲು ಖಾಲಿ ಹಾಳೆ, ಎರಡು ಪೆನ್ನು, ಒಂದು ಹಿಡಿ ಟ್ಯಾಗ್ ಕೊಟ್ಟೆ. ಎರಡು ದಿನ ಮಾತಾಡಲಿಲ್ಲ.

ಹೋದ ಭಾನುವಾರ ಅವನ ಮೊದಲ ಹಾಳೆ ತಂದು ತೋರಿಸಿದ. ಜೀವಕ್ರಿಯೆಗಳು ಪಾಠ. ನನಗೆ ಮೂರು ಗೆರೆ ಬಿದ್ದಿದ್ದ ಹೃದಯದ ಭಾಗ ಅವನ ಹಾಳೆಯಲ್ಲಿ ಪೂರ್ತಿ ನೀಲಿ, ಒಂದಕ್ಷರ ಕೆಂಪಿಲ್ಲ. ನಾನು ಯಾವತ್ತೂ ತಪ್ಪದ ಮೂತ್ರಪಿಂಡ, ನೆಫ್ರಾನ್, ಅಲ್ಲಿ ಮೇಲಿಂದ ಕೆಳಗಿನವರೆಗೂ ಕೆಂಪು.