ಪಂದ್ಯಕ್ಕೆ ರೈಫಲ್ ಒಯ್ಯಲು ಕಡಿಮೆ ಖರ್ಚಿನ ಕೈಗಾಡಿ: ಕಟ್ಟುವ ಬಗೆ

ಶೂಟಿಂಗ್ ಪಂದ್ಯಕ್ಕೆ ಹೋಗುವವರ ಹೊರೆ ಎಷ್ಟೆಂಬುದು ಹೊತ್ತವರಿಗೇ ಗೊತ್ತು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ನಿಯಮದಂತೆ ರೈಫಲ್ ಒಂದೇ 5.5 ಕೆ.ಜಿ.ವರೆಗೆ ತೂಗಬಹುದು. ಅದರ ಗಟ್ಟಿ ಪೆಟ್ಟಿಗೆ, ದಪ್ಪ ಕ್ಯಾನ್ವಾಸಿನ ಜಾಕೆಟ್ಟು ಮತ್ತು ಪ್ಯಾಂಟು, ಚಪ್ಪಟೆ ತಳದ ಬೂಟು, ರೈಫಲ್ ಇಡುವ ಸ್ಟ್ಯಾಂಡು, ಪೆಲೆಟ್ ಡಬ್ಬಿ, ನೀರು, ಬುತ್ತಿ ಎಲ್ಲವೂ ಸೇರಿದರೆ ಒಟ್ಟು ತೂಕ 20 ಕೆ.ಜಿ. ಮುಟ್ಟುತ್ತದೆ. ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಾದರೆ ಚಾಪೆ, ಮೊಣಕಾಲೂರುವಾಗ ಪಾದದ ಕೆಳಗಿಡುವ ದಿಂಬು, ದುರ್ಬೀನು ಮತ್ತು ಅದರ ಕಾಲುಗಳು ಬೇರೆ. ಕೋಲಾರದಿಂದ ಬೆಳಗಿನ ಬಸ್ಸಿಗೆ ಹೊರಟು, ಬೆಂಗಳೂರಿನಲ್ಲಿ ಇಳಿದು, ಇಷ್ಟನ್ನೂ ಹೆಗಲಿಗೇರಿಸಿಕೊಂಡು ರೇಂಜ್ ತಲುಪಿದವರ ತೋಳು ಒಂದು ಗಂಟೆಯಾದರೂ ಸಣ್ಣಗೆ ನಡುಗುತ್ತಿರುತ್ತದೆ. ಏರ್ ರೈಫಲ್ ಗುರಿಹಾಳೆಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್ ಎಂಬುದನ್ನು ನೆನೆದರೆ, ಆ ನಡುಕಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಆದ್ದರಿಂದ ಕೈಗಾಡಿಯನ್ನು ನಾನು ಸುಖದ ವಸ್ತುವೆಂದು ಎಣಿಸುವುದಿಲ್ಲ. ಜಾಕೆಟ್ಟು, ಬೂಟುಗಳ ಹಾಗೆ ಅದೂ ಶೂಟರ್‌ನ ಸಲಕರಣೆಯೇ.

ಇದರ ಮಾದರಿ ನಮ್ಮೂರಿನಲ್ಲೇ ಇದೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲಿಗಳು ಎರಡು ಚಕ್ರದ ತಳ್ಳುಗಾಡಿಯ ಮೇಲೆ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಹಿಡಿಕೆಯನ್ನು ತಮ್ಮತ್ತ ಬಾಗಿಸಿಕೊಂಡು, ಜನಜಂಗುಳಿಯ ನಡುವೆ ನೂರು ಕೆ.ಜಿ.ಯನ್ನೂ ಲೀಲಾಜಾಲವಾಗಿ ಒಯ್ಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು. ಭಾರವನ್ನು ಚಕ್ರ ಹೊರುತ್ತದೆ, ಕೈ ಬರೀ ದಾರಿ ತೋರಿಸುತ್ತದೆ. ನಮಗೆ ಬೇಕಾದದ್ದು ಅದೇ ಗಾಡಿಯ ಹಗುರ ರೂಪ. ಒಳ್ಳೆಯ ಸ್ಥಿತಿಯ ಹಳೆಯ ಚಕ್ರ ಸಿಕ್ಕಿದ್ದರಿಂದ ವೆಲ್ಡಿಂಗ್ ಕೂಲಿಯೂ ಸೇರಿ ನನಗೆ ತಗುಲಿದ್ದು 2,000 ರೂಪಾಯಿಯೊಳಗೆ.

ಮೊದಲು ಕೊಳ್ಳಬೇಕಾದದ್ದು ಚಕ್ರ. ಉಳಿದ ಎಲ್ಲ ಅಳತೆಗಳೂ ಅದರಿಂದಲೇ ಹುಟ್ಟುತ್ತವೆ. ಸೂಟ್‌ಕೇಸಿನ ಪುಟ್ಟ ಪ್ಲಾಸ್ಟಿಕ್ ಚಕ್ರಗಳು ನಯವಾದ ನೆಲಕ್ಕೆ ಸರಿ. ನಮ್ಮ ಕಡೆಯ ಗರಸು ಮಣ್ಣಿನಲ್ಲಿ ಅವು ಪ್ರತಿ ಕಲ್ಲಿಗೂ ಎಡವುತ್ತವೆ. ಎಡವಿದಾಗಲೆಲ್ಲ ಆಗುವ ಅದಿರಾಟ ನೇರವಾಗಿ ರೈಫಲ್ಲಿಗೆ ತಟ್ಟುತ್ತದೆ. ಮಕ್ಕಳ ಸೈಕಲ್ಲಿನ ಚಕ್ರ ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದರಿಂದ ಹಲವರು ಅದಕ್ಕೆ ಕೈಹಾಕುತ್ತಾರೆ. ಆದರೆ ಸೈಕಲ್ಲಿನ ಅಚ್ಚು ಎರಡೂ ಬದಿಯಿಂದ ಫೋರ್ಕಿನ ಹಿಡಿತದಲ್ಲಿರಲೆಂದು ಮಾಡಿದ ತೆಳುವಾದ ಅಚ್ಚು. ಅದನ್ನು ಒಂದೇ ಬದಿಯಿಂದ ಹಿಡಿದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಬಾಗಿ ಚಕ್ರ ಓರೆಯಾಗುತ್ತದೆ. ಸರಕಿನ ಕೈಗಾಡಿಗೆ ಹಾಕುವ, ನಡುವೆ ಬೇರಿಂಗ್ ಇರುವ, 10 ಇಂಚಿನ ಗಾಳಿ ತುಂಬುವ ಚಕ್ರವೇ ನನ್ನ ಆಯ್ಕೆ. ಜಾಲಿ ಮುಳ್ಳಿಗೆ ಹೆದರಿ ಗಟ್ಟಿ ರಬ್ಬರಿನ ಚಕ್ರ ಹಾಕಿಸಿಕೊಂಡವರಿದ್ದಾರೆ. ಪಂಕ್ಚರ್ ಆಗುವುದಿಲ್ಲ ನಿಜ, ಆದರೆ ಅದು ಅದಿರಾಟವನ್ನು ಹೀರುವುದೂ ಇಲ್ಲ. ಗಾಳಿಯನ್ನು ಸ್ವಲ್ಪ ಕಡಿಮೆಯೇ ತುಂಬಿ, ಒಂದು ಬಿಡಿ ಟ್ಯೂಬನ್ನು ಜೊತೆಗಿಟ್ಟುಕೊಳ್ಳುವುದು ಮೇಲು.

ಚಕ್ರ ಕೈಗೆ ಬಂದ ಮೇಲೆ ಅಚ್ಚಿಗಾಗಿ ಅದರ ತೂತಿಗೆ ಸರಿಹೊಂದುವ ಕಬ್ಬಿಣದ ಸರಳನ್ನು ಕೊಳ್ಳಿರಿ. ತೂತು 16 ಮಿ.ಮೀ. ಇದ್ದರೆ ಸರಳೂ ಅಷ್ಟೇ ದಪ್ಪವಿರಬೇಕು. ಸಡಿಲವಾದರೆ ಚಕ್ರ ತೂಗಾಡುತ್ತದೆ. ಉದ್ದ ಸುಮಾರು 60 ಸೆಂ.ಮೀ. ಸಾಕು. ಎರಡು ತುದಿಯಲ್ಲೂ ಪಿನ್ನಿಗೆ ತೂತು ಕೊರೆಸಿ, ಚಕ್ರದ ಎರಡೂ ಮಗ್ಗುಲಿಗೆ ವಾಷರ್ ಹಾಕಬೇಕು. ಬಾಗಿಸಿ ಕೂರಿಸುವ ಪಿನ್ನಿಗಿಂತ ಬೆರಳಿನಿಂದಲೇ ಎಳೆಯಬಹುದಾದ ಕ್ಲಿಪ್ ಪಿನ್ ಹಾಕಿದರೆ, ಬಸ್ಸಿನ ಡಿಕ್ಕಿಗೆ ಇಡುವಾಗ ಚಕ್ರಗಳನ್ನು ಕಳಚುವುದು ಒಂದು ನಿಮಿಷದ ಕೆಲಸ.

ಚೌಕಟ್ಟಿಗೆ 25 ಮಿ.ಮೀ. ಚೌಕದ, 16 ಗೇಜಿನ ಕಬ್ಬಿಣದ ಪೈಪು ತಕ್ಕದ್ದು. ಅಂಗಡಿಯಲ್ಲಿ 20 ಅಡಿಯ ಒಂದು ಉದ್ದವಾಗಿ ಸಿಗುವ ಈ ಪೈಪಿನಲ್ಲಿ ಇಡೀ ಗಾಡಿ ಮುಗಿದು ಸ್ವಲ್ಪ ಉಳಿಯುತ್ತದೆ. ಚೌಕಟ್ಟಿನ ತೂಕ ಸುಮಾರು 6 ಕೆ.ಜಿ. ಆಗುತ್ತದೆ. ಕಟ್ಟಿಗೆಯಲ್ಲೂ ಕಟ್ಟಬಹುದು, ಆದರೆ ನಮ್ಮಲ್ಲಿ ಸುಲಭವಾಗಿ ಸಿಗುವ ನೀಲಗಿರಿಯ ರೀಪು ಒಣಗುತ್ತಾ ತಿರುಚಿಕೊಳ್ಳುವುದರಿಂದ ನಾನು ಅದನ್ನು ಬಳಸೆನು. ಎರಡು ನಿಲುವು ಪೈಪುಗಳ ನಡುವೆ, ಹೊರ ಅಂಚಿನಿಂದ ಹೊರ ಅಂಚಿಗೆ 40 ಸೆಂ.ಮೀ. ಇರುವಂತೆ ಮೂರು ಅಡ್ಡಪಟ್ಟಿಗಳನ್ನು ಬೆಸೆಸಬೇಕು. ಬುಡದಲ್ಲಿ ಮುಂದಕ್ಕೆ 40 ಸೆಂ.ಮೀ. ಚಾಚಿದ ಪಾದದ ಚೌಕಟ್ಟು, ಅದರ ಮೇಲೆ 12 ಮಿ.ಮೀ. ಪ್ಲೈವುಡ್ ಹಲಗೆ. ಪಾದವನ್ನು ಕೀಲು ಹಾಕಿ ಮೇಲಕ್ಕೆ ಮಡಚುವಂತೆ ಮಾಡಿಸಿದರೆ ಗಾಡಿ ಚಪ್ಪಟೆಯಾಗುತ್ತದೆ; ಆಗ ಬಿಡಿಸಿದಾಗ ಅದು ಕೆಳಕ್ಕೆ ಕುಸಿಯದಂತೆ ತಡೆಯುವ ಗಟ್ಟಿ ತುಂಡೊಂದು ನಿಲುವು ಪೈಪಿನ ಬುಡದಲ್ಲಿರಬೇಕು. ಅಚ್ಚನ್ನು ನಿಲುವು ಪೈಪುಗಳ ಹಿಂಬದಿಗೆ ಬೆಸೆಯಬೇಕು. ಗಾಡಿ ನೆಟ್ಟಗೆ ನಿಂತಾಗ ಪಾದ ನೆಲದ ಮೇಲೆ ಕುಳಿತಿರಬೇಕು, ಚಕ್ರ ನೆಲವನ್ನು ಸೋಕಿದಂತಿರಬೇಕು, ಅಷ್ಟೇ.

ಇನ್ನು ಹೇಳುವ ವಿಷಯದಲ್ಲಿ ಬಹಳ ಜನ ತಪ್ಪುವುದನ್ನು ಕಂಡಿದ್ದೇನೆ. ನಿಲುವು ಪೈಪಿನ ಉದ್ದವನ್ನು ಮೊದಲೇ ಕತ್ತರಿಸಬಾರದು. 125 ಸೆಂ.ಮೀ.ಯಷ್ಟು ಬಿಟ್ಟುಕೊಂಡು, ಅಚ್ಚು, ಚಕ್ರ, ಪಾದ ಎಲ್ಲ ಕೂಡಿದ ಮೇಲೆ, ನೀವು ನಿಜವಾಗಿ ಒಯ್ಯುವ ಸಾಮಾನನ್ನೇ, ರೈಫಲ್ ಇಲ್ಲದ ಪೆಟ್ಟಿಗೆಯೊಳಗೆ ಅಷ್ಟೇ ತೂಕದ ಅಕ್ಕಿಯ ಚೀಲವನ್ನಿಟ್ಟು, ಗಾಡಿಗೆ ಕಟ್ಟಿ ಹಿಂದಕ್ಕೆ ಬಾಗಿಸಿ ನೋಡಿರಿ. ಮೊದಮೊದಲು ಗಾಡಿ ಮುಂದಕ್ಕೆ ಜಗ್ಗುತ್ತದೆ, ಬಾಗಿಸುತ್ತಾ ಹೋದಂತೆ ಒಂದು ಕೋನದಲ್ಲಿ ಕೈಗೆ ಭಾರವೇ ತಿಳಿಯುವುದಿಲ್ಲ, ಅದನ್ನು ದಾಟಿದರೆ ಹಿಂದಕ್ಕೆ ಬೀಳಲು ನೋಡುತ್ತದೆ. ಕೈಗೆ ಭಾರ ತಿಳಿಯದ ಕೋನವೇ ಸಾಮಾನಿನ ಒಟ್ಟು ಭಾರದ ನಡುಬಿಂದು ಅಚ್ಚಿನ ನೆತ್ತಿಗೆ ಸರಿಯಾಗಿ ಬಂದ ಕೋನ. ಆ ಕೋನದಲ್ಲಿ ನಿಮ್ಮ ಕೈ ಸಹಜವಾಗಿ ಸೊಂಟದ ಮಟ್ಟದಲ್ಲಿ ಎಲ್ಲಿ ಸಿಗುತ್ತದೋ ಅಲ್ಲಿ ಪೈಪಿಗೆ ಗುರುತು ಹಾಕಿ, ಅಲ್ಲಿಗೇ ಕತ್ತರಿಸಿ, ಹಿಡಿಕೆ ಬೆಸೆಸಿರಿ. ನನಗೆ ಅದು ಪೈಪಿನ ಬುಡದಿಂದ 115 ಸೆಂ.ಮೀ.ಗೆ ಬಂತು, ಎತ್ತರದವರಿಗೆ ಹೆಚ್ಚು, ಮಕ್ಕಳಿಗೆ ಕಡಿಮೆ ಬೇಕಾಗುತ್ತದೆ. ಹಿಡಿಕೆಯ ಅಡ್ಡಪೈಪು ಒಂದು ಅಂಗೈಯಗಲ ಹಿಂದಕ್ಕೆ ಚಾಚಿರಲಿ, ಇಲ್ಲದಿದ್ದರೆ ಉದ್ದನೆಯ ಪೆಟ್ಟಿಗೆ ಬೆರಳಿಗೆ ತಾಗುತ್ತದೆ.

ರೈಫಲ್ ಪೆಟ್ಟಿಗೆ ನಿಲುವು ಪೈಪುಗಳಿಗೆ ಒರಗಿ, ಬ್ಯಾರೆಲ್ಲಿನ ತುದಿ ಮೇಲಕ್ಕೆ ಬರುವಂತೆ ನಿಲ್ಲಬೇಕು. ಅದರ ಮುಂದೆ ಒಂದು ಟೊಮೆಟೊ ಕ್ರೇಟನ್ನು ಬಾಯಿ ಮುಂದಕ್ಕೆ ಮಾಡಿ ನೆಟ್ಟಗೆ ನಿಲ್ಲಿಸಿದರೆ ಅದು ಗೂಡಿನಂತಾಗುತ್ತದೆ. ಬಾಯಿಗೊಂದು ಕ್ಯಾನ್ವಾಸಿನ ಪರದೆ ಬಿಗಿದುಕೊಳ್ಳಬಹುದು. ಬೂಟು, ನೀರು, ಸ್ಟ್ಯಾಂಡಿನ ತಳ ಮುಂತಾದ ಭಾರದವು ಗೂಡಿನ ಕೆಳಗೆ, ಪೆಟ್ಟಿಗೆಗೆ ಹತ್ತಿರವಾಗಿರಲಿ. ಜಾಕೆಟ್ಟನ್ನು ಮಡಚಿ ತುರುಕಬಾರದು. ಅದರ ಬಿಗುವೇ ಅದರ ಗುಣವಾದ್ದರಿಂದ ಹಿಡಿಕೆಯ ಹಿಂದೆ ತೂಗುಹಾಕುವುದು ಲೇಸು.

ಕಟ್ಟುವುದಕ್ಕೆ ರಬ್ಬರ್ ಹಗ್ಗ ಬೇಡ. ನನ್ನ ಮೊದಲ ಗಾಡಿಯಲ್ಲಿ ಅದನ್ನೇ ಬಳಸಿದ್ದೆ. ಚಕ್ರಗಳ ನಡುವಿನ ಅಂತರವೂ ಕಡಿಮೆಯಿತ್ತು. ಆಷಾಢದ ಗಾಳಿಗೆ ನಿಲ್ಲಿಸಿದ್ದ ಗಾಡಿ ಮಗುಚಿತು, ಹಗ್ಗ ಹಿಗ್ಗಿ ಪೆಟ್ಟಿಗೆ ಜಾರಿ ಕಲ್ಲಿಗೆ ಬಡಿಯಿತು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ, ಆದರೆ ರೈಫಲ್ಲಿನಲ್ಲಿ ಕಣ್ಣಿಟ್ಟು ಗುರಿ ನೋಡುವ ಹಿಂಬದಿಯ ಸೈಟ್ ಕದಲಿತ್ತು. ಪಂದ್ಯಕ್ಕೆ ಮುನ್ನ ಸಿದ್ಧತೆಗೂ ಅಂಕಕ್ಕೆ ಸೇರದ ಸೈಟರ್ ಹೊಡೆತಗಳಿಗೂ ಸೇರಿ ದೊರೆಯುವುದು 15 ನಿಮಿಷ; ಅದೆಲ್ಲ ಸೈಟಿನ ತಿರುಪನ್ನು ಕ್ಲಿಕ್ ಎಣಿಸುತ್ತಾ ಸರಿಪಡಿಸುವುದರಲ್ಲೇ ಕಳೆಯಿತು. ಅಂದಿನಿಂದ ಗುಜರಿಯಲ್ಲಿ ಸಿಗುವ ಹಳೆಯ ಕಾರಿನ ಸೀಟ್ ಬೆಲ್ಟನ್ನೇ ಎರಡು ಕಡೆ, ಮೊಣಕಾಲಿನ ಮಟ್ಟದಲ್ಲೊಂದು ಎದೆಯ ಮಟ್ಟದಲ್ಲೊಂದು, ಬಕಲ್ ಹಾಕಿ ಬಿಗಿಯುತ್ತೇನೆ. ಅದು ಹಿಗ್ಗುವುದಿಲ್ಲ. ಪೆಟ್ಟಿಗೆ ತಾಗುವ ಅಡ್ಡಪಟ್ಟಿಗಳಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ಪಾದದ ಹಲಗೆಗೆ ಯೋಗದ ಚಾಪೆಯ ತುಂಡನ್ನು ಎರಡು ಪದರವಾಗಿ ಅಂಟಿಸಿದರೆ ಅದಿರಾಟ ಬಹುಮಟ್ಟಿಗೆ ಅಲ್ಲೇ ಸಾಯುತ್ತದೆ.

ರೈಫಲ್ಲನ್ನು ಬಿಡಿಯಾಗಿ ನಿಲ್ಲಿಸುವ ಕಚ್ಚುಗಳನ್ನು ಈ ಗಾಡಿಗೆ ನಾನು ಬೇಕೆಂದೇ ಮಾಡಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ರೈಫಲ್ ಪೆಟ್ಟಿಗೆಯಿಂದ ಹೊರಬರುವುದು ಗುಂಡು ಹಾರಿಸುವ ಜಾಗವಾದ ಫೈರಿಂಗ್ ಪಾಯಿಂಟಿನಲ್ಲಿ, ರೇಂಜ್ ಅಧಿಕಾರಿಯ ಅನುಮತಿಯ ಮೇಲೆ. ಅಲ್ಲಿಯೂ ಗುಂಡು ಹಾರಿಸುವ ಅಪ್ಪಣೆಯಾಗುವವರೆಗೆ ರೈಫಲ್ ಖಾಲಿಯೆಂದು ತೋರಿಸಲು ಬ್ಯಾರೆಲ್ಲಿಗೆ ತೂರಿಸುವ ಸೇಫ್ಟಿ ಫ್ಲ್ಯಾಗ್ ಒಳಗಿರಬೇಕು. ಮರಳುವಾಗಲೂ ಅಲ್ಲೇ ಪೆಟ್ಟಿಗೆಗಿಟ್ಟು ಬೀಗ ಹಾಕಿಯೇ ಗಾಡಿಗೇರಿಸಬೇಕು. 50 ಮೀಟರ್ ಸ್ಪರ್ಧೆಯ .22 ರೈಫಲ್ಲಾದರೆ ತೋಟಾಗಳಿಗೆ ಬೇರೆಯೇ ಬೀಗದ ಡಬ್ಬಿಯಿರಲಿ, ಶಸ್ತ್ರ ಪರವಾನಗಿ ಗಾಡಿಯಲ್ಲಲ್ಲದೆ ಮೈಮೇಲಿರಲಿ. ಚಹಾ ಕುಡಿಯಲೆಂದು ಗಾಡಿಯನ್ನು ಬಿಟ್ಟು ಹೋಗುವುದು, ಪೆಟ್ಟಿಗೆಗೆ ಎಂಥ ಬೀಗವೇ ಇರಲಿ, ಕೂಡದು. ಬಿಸಿಲಲ್ಲಿ ನಿಲ್ಲಿಸುವುದೂ ಬೇಡ: ಏರ್ ರೈಫಲ್ಲಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯಿರುತ್ತದೆ, ಕಾದಷ್ಟೂ ಆ ಒತ್ತಡ ಏರುತ್ತದೆ. ಮಣ್ಣಿನ ಬಿಲ್ಲೆ ಹೊಡೆಯುವ ಟ್ರ್ಯಾಪ್ ಸ್ಪರ್ಧೆಯ 12 ಬೋರ್ ಕೋವಿಯವರಿಗೂ ಇದೇ ಚೌಕಟ್ಟು ಸಾಕು. ಆದರೆ ಒಂದು ಸುತ್ತಿಗೆ 25 ಬಿಲ್ಲೆಯಂತೆ ಹಲವು ಸುತ್ತಿನ ತೋಟಾ ಒಯ್ಯಬೇಕಾಗುವುದರಿಂದ ಪಾದದ ಹಲಗೆಯನ್ನು 18 ಮಿ.ಮೀ. ದಪ್ಪಕ್ಕೆ ಏರಿಸಿಕೊಳ್ಳಬೇಕು.

ಬಣ್ಣ ಬಳಿಯುವ ಮೊದಲು ಒಂದು ಪರೀಕ್ಷೆ ಆಗಬೇಕು. 25 ಕೆ.ಜಿ. ಅಕ್ಕಿ ಮೂಟೆಯನ್ನು ಬೆಲ್ಟಿನಿಂದ ಬಿಗಿದು, ಗರಸು ರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೆದು, ಐದಾರು ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿರಿ. ಬಳಿಕ ಬೆಸುಗೆಯ ಪ್ರತಿ ಕೂಡನ್ನೂ ಉಗುರಿನಿಂದ ಗೀರಿ ಬಿರುಕು ಹುಡುಕಿರಿ; ಅಚ್ಚು ಬಾಗಿದೆಯೇ ಎಂದು ದಾರ ಹಿಡಿದು ನೋಡಿರಿ. ಎಲ್ಲವೂ ಸರಿಯಿದ್ದರೆ ರೆಡ್ ಆಕ್ಸೈಡ್ ಒಂದು ಕೋಟು, ಅದು ಒಣಗಿದ ಮೇಲೆ ಎನಾಮೆಲ್ ಎರಡು ಕೋಟು. ಪೈಪಿನ ತೆರೆದ ತುದಿಗಳಿಗೆ ಪ್ಲಾಸ್ಟಿಕ್ ಬಿರಡೆ ಹಾಕದಿದ್ದರೆ ಮಳೆನೀರು ಒಳಗಿಳಿದು ತುಕ್ಕು ಒಳಗಿನಿಂದಲೇ ತಿನ್ನುತ್ತದೆ.