ಸ್ಲ್ಯಾಬಿನೊಳಗೆ ತಣ್ಣೀರು, ಅದೂ ಪುಣೆ ಮಳೆಗಾಲದಲ್ಲಿ

ಪುಣೆಯ ಬಾಣೇರ್‌ನ ಒಂದು ಆಫೀಸ್ ಕಟ್ಟಡಕ್ಕೆ ರೇಡಿಯಂಟ್ ಸ್ಲ್ಯಾಬ್, ಅಂದರೆ ಕಾಂಕ್ರೀಟಿನೊಳಗೆ ಹುದುಗಿಸಿದ ಪೈಪಿನಲ್ಲಿ ತಣ್ಣೀರು ಹರಿಸಿ ಸೀಲಿಂಗಿನಿಂದಲೇ ರೂಮು ತಂಪು ಮಾಡುವ ವ್ಯವಸ್ಥೆ, ಹಾಕೋಣ ಅಂದಾಗ ಅಲ್ಲಿನ ನಮ್ಮ ಎಚ್‌ವಿಎಸಿ (ಎಸಿ, ಗಾಳಿ ವ್ಯವಸ್ಥೆಯ) ಮಂದಿ ನಕ್ಕಿದ್ದೇ ಜಾಸ್ತಿ. "ಜುಲೈ ಬರಲಿ, ಸೀಲಿಂಗ್ ಬೆವರಿ ಲ್ಯಾಪ್‌ಟಾಪ್ ಮೇಲೆ ತೊಟ್ಟಿಕ್ಕುತ್ತೆ. ಮಾಲೀಕರ ದುಡ್ಡನ್ನು ನೀರಲ್ಲಿ ಹೋಮ ಮಾಡ್ತಿದ್ದೀರಿ" ಅಂದರು. ಮಳೆಗಾಲಗಳು ಕಳೆದಿವೆ, ಕಟ್ಟಡ ತುಂಬಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಾಲೀಕರಿಗೆ ಬೇಕಿದ್ದದ್ದು ಮೇಲಿಂದ ಕೆಳಗೆ ಗಾಜೇ ಇರುವ, ಮುಂದಿನ ಕಾಲದ ಕಟ್ಟಡ. ಇಂಧನ ಉಳಿತಾಯದ ಕಟ್ಟಡ ಸಂಹಿತೆ ಇಸಿಬಿಸಿ 2017ರಲ್ಲಿ ಕಿಟಕಿಗೆ ಗೋಡೆಯ 40% ಮಿತಿ ಇತ್ತಲ್ಲ, ಅದನ್ನೇ ಹಿಡಿದು ಪಶ್ಚಿಮದ ಗಾಜನ್ನು ಅರ್ಧಕ್ಕೆ ಇಳಿಸಿದೆವು. ಬಿಸಿಲನ್ನು ಹೊರಗೇ ತಡೆಯದಿದ್ದರೆ ಸ್ಲ್ಯಾಬ್ ಸೋಲುತ್ತೆ, ಅದಕ್ಕೆ ಅಷ್ಟು ತಾಕತ್ತಿಲ್ಲ. ಹೈದರಾಬಾದ್‌ನ ಇನ್ಫೋಸಿಸ್‌ನವರು ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ರೇಡಿಯಂಟ್ ಹಾಕಿ ನೋಡಿದ್ದರು. ರೇಡಿಯಂಟ್ ಕಡೆ ಸುಮಾರು ಮೂರನೇ ಒಂದು ಭಾಗ ಕರೆಂಟ್ ಉಳಿದಿತ್ತು. ಅದನ್ನು ತೋರಿಸಿದ ಮೇಲೆಯೇ ಮಾಲೀಕರು ಮೆತ್ತಗಾದದ್ದು.

ಸುಮಾರು 60,000 ಚದರಡಿ. ಪೈಪ್, ಪೈಪುಗಳಿಗೆ ನೀರು ಹಂಚುವ ಮ್ಯಾನಿಫೋಲ್ಡ್, ಹೊರಗಿನ ಗಾಳಿಯನ್ನು ಒಣಗಿಸಿ ಕೊಡುವ ಮೆಷೀನು, ಕಂಟ್ರೋಲ್ ಎಲ್ಲಾ ಸೇರಿ ಮಾಮೂಲಿ ಎಸಿಗಿಂತ ಚದರಡಿಗೆ ಒಂದು 30-35 ರೂಪಾಯಿ ಜಾಸ್ತಿ ಬಿತ್ತು. ನೀರು ತಣಿಸುವ ಚಿಲ್ಲರ್ ಚಿಕ್ಕದಾಯ್ತು, ಗಾಳಿ ಸಾಗಿಸುವ ದೊಡ್ಡ ಡಕ್ಟ್‌ಗಳು ಹೋದವು, ಇಲ್ಲದಿದ್ದರೆ ಇನ್ನೂ ಏರುತ್ತಿತ್ತು. ಅದೇ ಅಳತೆಯ ಪಕ್ಕದ ಕಟ್ಟಡಕ್ಕೆ ತಿಂಗಳ ಕರೆಂಟ್ ಬಿಲ್ ಏಳೂವರೆ ಲಕ್ಷದ ಹತ್ತಿರ ಅಂತಾರೆ. ನಮ್ಮದು ಬೇಸಿಗೆಯಲ್ಲೂ ಐದರ ಆಸುಪಾಸು.

ಕಾಂಕ್ರೀಟ್ ಹಾಕುವ ರಾತ್ರಿಗಳೇ ಕಷ್ಟದವು. ಪೈಪಿನಲ್ಲಿ 4 ಬಾರ್ ಒತ್ತಡ ಇಟ್ಟೇ ಕಾಂಕ್ರೀಟ್ ಸುರಿಯಬೇಕು. ಎರಡನೇ ಮಹಡಿಯಲ್ಲಿ ಕಾಂಕ್ರೀಟ್ ಕೂರಿಸುವ ವೈಬ್ರೇಟರ್‌ನ ಸೂಜಿ ಪೈಪಿಗೆ ತಾಗಿತು. ಪೈಪ್ ಕಟ್ಟುವ ಗ್ಯಾಂಗಿನ ಮೇಸ್ತ್ರಿ ಇಂಡಿ ಕಡೆಯವನು, ಒತ್ತಡ ತೋರಿಸುವ ಗೇಜ್ ಮೇಲೇ ಕಣ್ಣಿಟ್ಟಿದ್ದ. "ಸಾಹೇಬ್ರ, ಮುಳ್ಳ ಇಳೀಲಿಕ್ಹತ್ತೈತ್ರಿ!" ಅಂತ ಕೂಗಿದ. ಪಂಪ್ ನಿಲ್ಲಿಸಿ, ಹಸಿ ಕಾಂಕ್ರೀಟನ್ನು ಕೈಯಲ್ಲೇ ಬಗೆದು, ತೂತಾದ ತುಂಡು ಕತ್ತರಿಸಿ, ಕಪ್ಲಿಂಗ್ ಹಾಕಿ, ಟೇಪ್ ಸುತ್ತಿ, ಮತ್ತೆ ಒತ್ತಡ ಏರಿಸಿದೆವು. ಮಿಕ್ಸರ್ ಲಾರಿಗಳು ಕೆಳಗೆ ಸಾಲಾಗಿ ನಿಂತಿದ್ದವು. ಒಂದು ಲಾರಿ ಮಾಲು ಗಟ್ಟಿಯಾಗುತ್ತೆ ಅಂತ ವಾಪಸ್ ಕಳಿಸಬೇಕಾಯ್ತು, ಆ ಖರ್ಚು ಗುತ್ತಿಗೆದಾರನೂ ನಾವೂ ಹಂಚಿಕೊಂಡೆವು. ಮೇಸ್ತ್ರಿಗೆ ಅವತ್ತೇ ಇನಾಮು ಕೊಟ್ಟೆ. ಗೇಜ್ ನೋಡಲು ಬೇರೆ ಕೆಲಸ ಇಲ್ಲದ ಒಬ್ಬ ಇರಲೇಬೇಕು.

ಇನ್ನು ಬೆವರುವ ವಿಷಯ. ಚಿಲ್ಲರ್‌ನಿಂದ 7 ಡಿಗ್ರಿ ನೀರು ಬಿಟ್ಟರೆ ಸೀಲಿಂಗ್ ಸೋರದೆ ಇನ್ನೇನು? ನಾವು ಬಿಡುವುದು 16-17. ಸ್ಲ್ಯಾಬ್ ಮೈ 20-21ರಲ್ಲಿ ಇರುತ್ತೆ. ಒಳಗಿನ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆ, 14-15 ದಾಟದಂತೆ ಗಾಳಿ ಒಣಗಿಸಿದರೆ ಹನಿ ಎಲ್ಲಿಂದ ಬರಬೇಕು? ಲೆಕ್ಕದಲ್ಲಿ ಸುಲಭ. ಆದರೆ ಮೊದಲು ಬಂದ ಅಗ್ಗದ ಸೆನ್ಸರ್‌ಗಳು ತೇವಾಂಶವನ್ನು 5% ಆಚೀಚೆ ತೋರಿಸುತ್ತಿದ್ದವು. 24 ಡಿಗ್ರಿಯ ರೂಮಿನಲ್ಲಿ ಅಷ್ಟು ತಪ್ಪಿದರೆ ಡ್ಯೂ ಪಾಯಿಂಟ್ ಹೆಚ್ಚುಕಮ್ಮಿ ಒಂದೂವರೆ ಡಿಗ್ರಿ ತಪ್ಪಿದಂತೆ. ಎಲ್ಲವನ್ನೂ ಕಿತ್ತು ಒಳ್ಳೆಯವು ಹಾಕಿಸಿದೆವು. ಒಂದೂವರೆ ಲಕ್ಷದ ಮೇಲೆ ಹೋಯ್ತು.

ಆಮೇಲೂ ಒಮ್ಮೆ ಹನಿ ಬಿತ್ತು. ಮೂರನೇ ಮಹಡಿಯ ಬಾಡಿಗೆದಾರರ ಹುಡುಗರು ಸಿಗರೇಟಿಗೆ ಅಂತ ಬಾಲ್ಕನಿ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಹೋಗಿದ್ದರು. ಹೊರಗಿನ ತೇವದ ಗಾಳಿ ಒಳಗೆ ನುಗ್ಗಿ, ಮಧ್ಯಾಹ್ನದ ಹೊತ್ತಿಗೆ ಬಾಗಿಲ ಹತ್ತಿರದ ಸೀಲಿಂಗ್ ತುಂಬಾ ಸಾಸಿವೆ ಕಾಳಿನಂಥ ಹನಿ. ಫೋಟೋ ವಾಟ್ಸಾಪ್‌ನಲ್ಲಿ ಊರೆಲ್ಲಾ ಸುತ್ತಿತು, ನಕ್ಕವರೆಲ್ಲ ನನಗೇ ಕಳಿಸಿದರು. ಈಗ ಬಾಗಿಲಿಗೆ ಸ್ವಿಚ್ ಇದೆ. ಎರಡು ನಿಮಿಷ ತೆರೆದಿಟ್ಟರೆ ಆ ಭಾಗಕ್ಕೆ ತಣ್ಣೀರು ಬಿಡುವ ವಾಲ್ವ್ ಮುಚ್ಚುತ್ತೆ, ಸೆಕೆಯಾದಾಗ ಅವರೇ ಬಾಗಿಲು ಹಾಕುತ್ತಾರೆ. ವಾರದ ರಜೆ ಮುಗಿದ ಸೋಮವಾರ ಬೆಳಗ್ಗೆ ಯಾವ ಮೆಷೀನು ಮೊದಲು, ಎಷ್ಟು ಹೊತ್ತು ಮೊದಲು ಶುರುವಾಗಬೇಕು ಅನ್ನೋದು ಮಾತ್ರ ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ಫಾಲ್ಸ್ ಸೀಲಿಂಗ್ ಇಲ್ಲ ಅಂದಮೇಲೆ ಪ್ರತಿಧ್ವನಿ ಗ್ಯಾರಂಟಿ, ಅಲ್ವಾ? ಸುಮ್ನೆ ನೋಡೋಣ ಅಂತ ತೆಂಗಿನ ನಾರಿನ ಹಲಗೆ ತೂಗುಹಾಕಿದೆ. ಸದ್ದು ತಗ್ಗಿತು, ಆದರೆ ಕೀಬೋರ್ಡ್ ತುಂಬಾ ನಾರಿನ ಧೂಳು. ಕೊನೆಗೆ ಫೆಲ್ಟ್ ಪಟ್ಟಿಗಳನ್ನು ನೆಟ್ಟಗೆ ಇಳಿಬಿಟ್ಟೆವು. ಅಡ್ಡ ಹಾಕಿದರೆ ತಂಪು ಸರಿಯಾಗಿ ಕೆಳಗಿಳಿಯಲ್ಲ.

ಇನ್ನೊಂದು ಪ್ರಯೋಗ ಚೆನ್ನಾಗಿ ಕೈ ಹಿಡಿಯಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪುಣೆ ರಾತ್ರಿ ತಣ್ಣಗೆ, ಒಣಗಿರುತ್ತೆ. ಚಿಲ್ಲರ್ ಆಫ್ ಮಾಡಿ, ಹೊರಗಿನ ಗಾಳಿಯಲ್ಲೇ ನೀರು ತಣಿಸುವ ಕೂಲಿಂಗ್ ಟವರ್ ನೀರಿನಿಂದಲೇ, ಎರಡು ನೀರು ಬೆರೆಯದಂತೆ ತಂಪು ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರ್ ಮೂಲಕ ರಾತ್ರಿಯಿಡೀ ಸ್ಲ್ಯಾಬ್ ತಣಿಸುತ್ತೇವೆ. ಮರುದಿನ ಮಧ್ಯಾಹ್ನದವರೆಗೆ ಅದೇ ಸಾಕು. ಏಪ್ರಿಲ್‌ನಲ್ಲೂ ನೋಡಿದೆ, ಆಗಲಿಲ್ಲ.

ಈಗ ಉಳಿದಿರುವ ತಲೆನೋವು ಡ್ರಿಲ್. ಇಂಟೀರಿಯರ್‌ನವರು ಪೈಪ್ ಇರುವ ಸ್ಲ್ಯಾಬಿಗೆ ಸಿಕ್ಕಲ್ಲೆಲ್ಲ ತೂತು ಹೊಡೆಯುತ್ತಾರೆ. 25 ಎಂಎಂಗಿಂತ ಆಳ ಹೋಗಬಾರದು ಅಂತ ಬಾಡಿಗೆ ಕರಾರಿನಲ್ಲೇ ಬರೆಸಿ, ಡಿಪಾಸಿಟ್ ಇಡಿಸಿದ್ದೇವೆ. ಮೊದಲು ಥರ್ಮಲ್ ಕ್ಯಾಮೆರಾದಲ್ಲಿ ಪೈಪ್ ಸಾಲು ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ, ಆಮೇಲೆ ಡ್ರಿಲ್. ಪುಣೆಯದೇ ಬಾಲೇವಾಡಿಯಲ್ಲಿ ಇದೇ ಮಾಲೀಕರ ಮುಂದಿನ ಕಟ್ಟಡ ಶುರುವಾಗಿದೆ. ಅಲ್ಲಿ ಲೈಟು, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ತೂಗುಹಾಕಲು ಇನ್ಸರ್ಟ್‌ಗಳನ್ನು (ಬೋಲ್ಟ್ ಸಿಕ್ಕಿಸುವ ತುಂಡುಗಳನ್ನು) ಕಾಂಕ್ರೀಟಿಗೆ ಮೊದಲೇ ಹಾಕಿಸುತ್ತಿದ್ದೇನೆ. ಚದರಡಿಗೆ ನಾಲ್ಕೈದು ರೂಪಾಯಿ ಜಾಸ್ತಿ ಆಗುತ್ತೆ, ಮಾಲೀಕರು ಈ ಸಲ ಚೌಕಾಸಿ ಮಾಡಲಿಲ್ಲ.